ಗಿಳಿ ಹೇಳಿದ ಪೋಲಿ ಕಥೆಗಳು ಪರದೆಗೆ ಬಂದರೆ

ಪ್ರಶ್ನೆ: ನಾನು ಕಲಬುರಗಿಯವನು. ಕೆಲವು ಕಿರುಚಿತ್ರ ಮಾಡಿದ್ದೇನೆ. ಈಗ ಸಂಸ್ಕೃತದ 'ಶುಕಸಪ್ತತಿ'ಯ ಕಥೆಗಳನ್ನು ಬಹಮನಿ ಕಾಲದ ಬೀದರ್‌ನಲ್ಲಿ ನಡೆಯುವ ಹಾಗೆ ಬದಲಿಸಿ ಪೂರ್ತಿ ಸಿನಿಮಾ ಮಾಡುವ ಆಸೆ. ಗಂಡ ವ್ಯಾಪಾರಕ್ಕೆ ಹೋದಾಗ ಹೆಂಡತಿ ಪ್ರಿಯಕರನ ಹತ್ತಿರ ಹೊರಡುತ್ತಾಳೆ. ಮನೆಯ ಗಿಳಿ ರಾತ್ರಿಗೊಂದು ಕಥೆ ಹೇಳಿ ಅವಳನ್ನು ತಡೆಯುತ್ತದೆ. ಆ ಕಥೆಗಳಲ್ಲಿ ಬಹುಪಾಲು ಗಂಡನ ಕಣ್ಣಿಗೆ ಮಣ್ಣೆರಚಿದ ಹೆಂಗಸರದ್ದೇ. ನನ್ನ ಚಿತ್ರಕಥೆಯಲ್ಲಿ ಗಿಳಿ ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ಮಾತ್ರ ಬರುತ್ತದೆ. ಅಂತ್ಯವನ್ನು ಇನ್ನೂ ತೀರ್ಮಾನಿಸಿಲ್ಲ. ಚಿತ್ರಕಥೆ ಕೇಳಿದ ನಿರ್ಮಾಪಕರೊಬ್ಬರು "ಇನ್ನೂ ಸ್ವಲ್ಪ ಮಸಾಲೆ ಹಾಕಿ" ಅಂದರು. ಗೆಳೆಯರು "ಸೆನ್ಸಾರ್‌ನವರು ಬಿಡಲ್ಲ, ಬಿಟ್ರೂ ಕೇಸ್ ಬೀಳ್ತದ" ಅಂತಾರೆ. ನನ್ನ ಅಕ್ಕನಂತೂ "ಇಂಥಾ ಹೊಲಸು ಕಥಿ ನಮಗ್ಯಾಕ ಬೇಕು" ಅಂತ ಎದ್ದೇ ಹೋದಳು. ಪೋಲಿತನ ತೆಗೆದರೆ ಕಥೆ ಉಳಿಯುವುದಿಲ್ಲ, ಇಟ್ಟರೆ ಮರ್ಯಾದೆ ಉಳಿಯುವುದಿಲ್ಲ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಹೆದರಿಕೆಗಳು ಸಿಕ್ಕು ಹಾಕಿಕೊಂಡಿವೆ. ಕಾನೂನಿನ ಹೆದರಿಕೆ, ಊರಿನವರ ಹೆದರಿಕೆ, ಕಥೆಯನ್ನು ನಾವೇ ಕೆಡಿಸಿಬಿಟ್ಟೇವು ಅನ್ನುವ ಹೆದರಿಕೆ. ಮೊದಲ ಎರಡಕ್ಕೆ ದಾರಿ ಇದೆ, ಮುಂದೆ ಹೇಳುತ್ತೇನೆ. ಮೂರನೆಯದು ದೊಡ್ಡದು. ಬೇರೆಯವರ ಚಿತ್ರಕಥೆ ಓದಿ ತಿದ್ದುವುದೇ ನನ್ನ ಕಸುಬು. ಇಂಥ ಕಥೆಗಳು ಕೆಡುವುದು ಸೆನ್ಸಾರ್ ಕತ್ತರಿಯಿಂದಲ್ಲ, ಬರೆಯುವ ಮೇಜಿನ ಮೇಲೇ ಕೆಡುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. 'ನಮ್ಮ ಹಳೆಯ ಸಾಹಿತ್ಯವೆಲ್ಲ ಭಕ್ತಿ, ನೀತಿ. ಪೋಲಿತನ ಹೊರಗಿನಿಂದ ಬಂದದ್ದು' ಎಂದು ಬಹಳ ಜನ ನಂಬಿದ್ದಾರೆ. ನಿಮ್ಮ ಸುತ್ತಮುತ್ತಲೇ ನೋಡಿ. ಕಾಶ್ಮೀರದ ಬಿಲ್ಹಣ ನೆಲೆ ಕಂಡದ್ದು ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ರಾಜನ ಚರಿತ್ರೆ ಬರೆದ ಅದೇ ಕವಿಯ ಹೆಸರಿನಲ್ಲಿ 'ಚೌರಪಂಚಾಶಿಕೆ'ಯೂ ಇದೆ. ಕದ್ದು ಮಾಡಿದ ಪ್ರೀತಿಯನ್ನು ನೆನೆನೆನೆದು ಹಾಡಿದ 50 ಪದ್ಯ. 1209ರಲ್ಲಿ ಜನ್ನ ಬರೆದ 'ಯಶೋಧರ ಚರಿತೆ' ಅಹಿಂಸೆಯನ್ನು ಸಾರುವ ಜೈನ ಕಾವ್ಯ. ಅದರ ನಡುವೆಯೇ ರಾಣಿ ಅಮೃತಮತಿ ರಾಜನ ಮಂಚದಿಂದ ಎದ್ದು ಕುರೂಪಿ ಮಾವುತನ ಹಾಡಿಗೆ ಮನಸೋತು ಅವನ ಹತ್ತಿರ ಹೋಗುತ್ತಾಳೆ. ಆ ಹಾಡು, ಆ ನಡುರಾತ್ರಿ ಇಲ್ಲದೆ ಕಾವ್ಯ ಮುಂದೆ ಸಾಗುವುದೇ ಇಲ್ಲ.

ನಿಮ್ಮ ಗಿಳಿಯೂ ನಿಮ್ಮ ನೆಲಕ್ಕೆ ಹೊಸದಲ್ಲ. 14ನೇ ಶತಮಾನದಲ್ಲಿ ನಕ್ಷಬಿ ಈ ಕಥೆಗಳನ್ನು ಪಾರಸಿಯಲ್ಲಿ 'ತೂತಿನಾಮಾ' ಎಂದು ಬರೆದ. 1639ರಲ್ಲಿ ಗೋಲ್ಕೊಂಡದ ಕವಿ ಘವ್ವಾಸಿ ಅದನ್ನು ದಖನಿ ಭಾಷೆಯ, ಅಂದರೆ ದಖ್ಖನಿನ ಹಳೆಯ ಉರ್ದುವಿನ, ಪದ್ಯಕ್ಕೆ ತಂದ. ಸಂಸ್ಕೃತದ ಗಿಳಿ ಪಾರಸಿ ಕಲಿತು, ಆಮೇಲೆ ದಖನಿಯಲ್ಲಿ ಮಾತಾಡಿತು. ಹಾಗಾಗಿ ಬೀದರ್ ಓಣಿಯಲ್ಲಿ ಅದನ್ನು ಕೂರಿಸುವುದಕ್ಕೆ ನೀವು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಆದರೆ ನಿಮ್ಮ ಅಕ್ಕ ಹೇಳಿದ್ದನ್ನು ತಳ್ಳಿಹಾಕಬೇಡಿ. ಹಿಂದಿನ ತಲೆಮಾರಿನ ಮದುವೆಗಳಲ್ಲಿ ಬೀಗರನ್ನು ಹಾಡಿನಲ್ಲಿ ಬೈಯುತ್ತಿದ್ದ ಹೆಂಗಸರು ಏನೆಲ್ಲ ಹಾಡುತ್ತಿದ್ದರು! ಬೀಗತಿಯ ಗಂಡ, ಬೀಗತಿಯ ಮೈದುನ, ಬೀಗತಿಯ ಮಂಚ, ಯಾವುದನ್ನೂ ಬಿಡುತ್ತಿರಲಿಲ್ಲ. ಹಿರಿಯರ ಎದುರೇ ಹಾಡುತ್ತಿದ್ದರು, ಹಿರಿಯರೂ ನಗುತ್ತಿದ್ದರು. ಹೋಳಿ ಹುಣ್ಣಿಮೆಯ ಹಾಡುಗಳಂತೂ ಕೇಳುವುದೇ ಬೇಡ. ಇಂಥ ಹಾಡಿಗೆ ನಿಮ್ಮ ಅಕ್ಕನೂ ಒಮ್ಮೆಯಾದರೂ ಬಾಯಿಗೆ ಸೆರಗು ಹಿಡಿದು ನಕ್ಕಿರುತ್ತಾರೆ. ಅದೇ ಮಾತು ಸಿನಿಮಾಕ್ಕೆ ಬರುತ್ತದೆ ಎಂದ ಕೂಡಲೇ ಹೊಲಸು ಅನ್ನಿಸಿತು, ಯಾಕೆ? ಇದಕ್ಕೆ ಉತ್ತರ ಸಿಕ್ಕರೆ ನಿಮ್ಮ ಚಿತ್ರಕಥೆಯ ಅರ್ಧ ಕೆಲಸ ಮುಗಿದ ಹಾಗೆ.

ಹಾಡುವವಳು ಮೈತುಂಬ ಸೆರಗು ಹೊದ್ದು ಕೂತಿರುತ್ತಾಳೆ. ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಚಿತ್ರ ಮೂಡುವುದು ಕೇಳುವವರ ತಲೆಯೊಳಗೆ, ಅವರವರಿಗೆ ಬೇಕಾದಷ್ಟು. ಅತ್ತೆಗೆ ಒಂದು ಕಾಣುತ್ತದೆ, ಸೊಸೆಗೆ ಇನ್ನೊಂದು, ಪಕ್ಕದಲ್ಲಿ ಆಡುವ ಮಗುವಿಗೆ ಏನೂ ಕಾಣುವುದಿಲ್ಲ. ಕ್ಯಾಮೆರಾ ಬಂದ ಕೂಡಲೇ ಈ ಅನುಕೂಲ ಹೋಗುತ್ತದೆ. ಎಲ್ಲರಿಗೂ ಒಂದೇ ಚಿತ್ರ. ಅದೂ ಹೆಸರು, ಮನೆ, ತಂದೆತಾಯಿ ಇರುವ ನಿಜವಾದ ಒಬ್ಬ ನಟಿಯ ಮೈ. ಕಿವಿಗೆ ಹೇಳಿದ್ದನ್ನು ಕಣ್ಣಿಗೆ ತೋರಿಸಿದಾಗ ನಗು ನಿಂತು ಮುಜುಗರ ಶುರುವಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ 'ಪೋಲಿತನ ಇಡಲೋ ತೆಗೆಯಲೋ' ಅನ್ನುವುದಲ್ಲ. ಯಾವುದನ್ನು ತೋರಿಸಬೇಕು, ಯಾವುದನ್ನು ಬರೀ ಹೇಳಿಸಬೇಕು? ಕೇಳಬೇಕಾದ್ದು ಇದು.

ನಿಮ್ಮ ಪುಸ್ತಕದ ಮೊದಮೊದಲ ಕಥೆಯನ್ನೇ ತೆಗೆದುಕೊಳ್ಳಿ. ಕಳ್ಳ ಭೇಟಿ ಕುದುರಿಸುವ ಕುಂಟಣಿಯ ಮನೆಯಲ್ಲಿ ಒಬ್ಬ ಹೆಂಗಸು ಪ್ರಿಯಕರನಿಗೆ ಕಾಯುತ್ತಿದ್ದಾಳೆ. ಅವನು ಬರಲಿಲ್ಲ. "ಯಾರಾದರೂ ಸರಿ, ಕರೆದು ತಾ" ಎಂದು ಕುಂಟಣಿಯನ್ನು ಕಳಿಸುತ್ತಾಳೆ. ಕುಂಟಣಿ ಹೋಗಿ, ಗೊತ್ತಿಲ್ಲದೆ, ಅವಳ ಗಂಡನನ್ನೇ ಕರೆತರುತ್ತಾಳೆ! ಇಲ್ಲಿಗೆ ಗಿಳಿ ಕಥೆ ನಿಲ್ಲಿಸುತ್ತದೆ. "ಈಗ ಅವಳು ಹೇಗೆ ಪಾರಾಗಬೇಕು? ನೀನೇ ಹೇಳು" ಎಂದು ತನ್ನ ಮನೆಯೊಡತಿ ಪ್ರಭಾವತಿಯನ್ನು ಕೇಳುತ್ತದೆ. ಪ್ರಭಾವತಿ ಯೋಚಿಸುತ್ತಾಳೆ. ಹೊಳೆಯುವುದಿಲ್ಲ. ರಾತ್ರಿ ಕಳೆಯುತ್ತದೆ, ಪ್ರಿಯಕರನ ಹತ್ತಿರ ಹೋಗುವುದು ತಪ್ಪುತ್ತದೆ. ಆಮೇಲೆ ಗಿಳಿ ಹೇಳುತ್ತದೆ: ಆ ಹೆಂಗಸು ಗಂಡನ ಜುಟ್ಟು ಹಿಡಿದು ಜಗ್ಗಿದಳು. "ನನ್ನ ಬಿಟ್ಟು ಇನ್ನೊಬ್ಬಳಿಲ್ಲ ಅಂತಿದ್ದೆಯಲ್ಲೋ, ಪರೀಕ್ಷೆ ಮಾಡೋಣ ಅಂತಲೇ ಇಲ್ಲಿಗೆ ಬಂದೆ, ಸಿಕ್ಕಿಬಿದ್ದೆ ನೋಡು!"

ಇದನ್ನು ನಿಮ್ಮ ನಿರ್ಮಾಪಕರು ಹೇಳಿದ ಹಾಗೆ ತೆಗೆದರೆ ಕ್ಯಾಮೆರಾ ಮಂಚದ ಸುತ್ತ ತಿರುಗುತ್ತದೆ. ಕಾಯುವ ಹೆಂಗಸಿನ ಬೆನ್ನು, ಸೊಂಟ, ನಿಟ್ಟುಸಿರು. ಗಂಡ ಒಳಗೆ ಬರುವ ಹೊತ್ತಿಗೆ ನೋಡುವವನ ಮನಸ್ಸು ಬೇರೆಲ್ಲೋ ಇರುತ್ತದೆ, ಜುಟ್ಟು ಹಿಡಿದಾಗ ಅವನಿಗೆ ನಗು ಬರುವುದಿಲ್ಲ. ಗೆಳೆಯರು ಹೇಳುವ ಹಾಗೆ ತೊಳೆದಿಟ್ಟರೆ ಅವಳು ನಿಜವಾಗಿಯೂ ಗಂಡನನ್ನು ಪರೀಕ್ಷಿಸಲೇ ಬಂದ ಪತಿವ್ರತೆ ಆಗುತ್ತಾಳೆ. ಆಗ ಅವಳು ಸುಳ್ಳು ಹೇಳಿದ ಹಾಗಾಗುವುದಿಲ್ಲ. ಸುಳ್ಳೇ ಇಲ್ಲದ ಮೇಲೆ ಈ ಕಥೆಯಲ್ಲಿ ಉಳಿಯುವುದಾದರೂ ಏನು?

ನಾನಾದರೆ ಹೀಗೆ ಬರೆಯುತ್ತೇನೆ. ಕತ್ತಲ ಕೋಣೆ, ಒಂದು ಬಾಗಿಲು. ಹೊರಗೆ ಕುಂಟಣಿ ಕೂಲಿ ಎಣಿಸುವ ಸದ್ದು. ಒಳಗೆ ಬಳೆ ಸರಿಸಿಕೊಳ್ಳುವ ಸದ್ದು. ಬಾಗಿಲು ತೆರೆಯುತ್ತದೆ, ಬಂದವನು ಕೆಮ್ಮುತ್ತಾನೆ. ಮನೆಯಲ್ಲಿ ದಿನಾ ಕೇಳುವ ಕೆಮ್ಮು ಅದು. ಅವಳ ಮುಖದ ಮೇಲೆ ಕ್ಯಾಮೆರಾ ನಿಲ್ಲಲಿ. ಅಲ್ಲಿಗೇ ಕತ್ತರಿಸಿ ಗಿಳಿಯ ಪಂಜರಕ್ಕೆ ಬನ್ನಿ. ಪ್ರಶ್ನೆ ಕೇಳಿಸಿ. ಪ್ರಭಾವತಿ ಒಂದು ಉತ್ತರ ಹೇಳಿ ನೋಡಲಿ, ಅದು ಸರಿಹೋಗದೆ ಇನ್ನೊಂದು ಹೇಳಲಿ. ಥಿಯೇಟರ್‌ನಲ್ಲಿ ಕೂತವರೂ ತಮ್ಮ ತಮ್ಮ ಉಪಾಯ ಹುಡುಕುತ್ತಾರೆ. ಅವಳ ಕಳ್ಳತನದಲ್ಲಿ ಅವರೂ ಪಾಲುದಾರರಾದರು, ಅಲ್ವಾ? ಒಂದು ಚೂರು ಬಟ್ಟೆಯೂ ಕೆಳಗೆ ಬೀಳಲಿಲ್ಲ, ಪೋಲಿತನ ಒಂದು ಹನಿಯೂ ಕಡಿಮೆ ಆಗಲಿಲ್ಲ. ಗಿಳಿ ಕಥೆ ನಿಲ್ಲಿಸಿ ಪ್ರಶ್ನೆ ಕೇಳುವ ಈ ಕಟ್ಟು ಸಿನಿಮಾದ ಸಂಕಲನಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ಎಂದು ಪ್ರತಿ ಸಲ ಓದುವಾಗಲೂ ಬೆರಗಾಗುತ್ತೇನೆ. ನಿಮ್ಮ ಪತ್ರದ ಪ್ರಕಾರ ಗಿಳಿ ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ಮಾತ್ರ ಬರುತ್ತದೆ. ದಯವಿಟ್ಟು ಅದನ್ನು ನಡುನಡುವೆಯೂ ತನ್ನಿ. ನಿಮ್ಮನ್ನು ಕಾಪಾಡುವುದು ಅದೇ.

'ವಿದೇಶದಲ್ಲಾದರೆ ಏನು ಬೇಕಾದರೂ ತೋರಿಸಬಹುದಿತ್ತು' ಅನ್ನುವುದೂ ಪೂರ್ತಿ ನಿಜವಲ್ಲ. ಇಟಲಿಯ ಪಾಸೊಲಿನಿ 14ನೇ ಶತಮಾನದ ಬೊಕಾಚಿಯೊನ 'ಡೆಕಮೆರಾನ್' ಅನ್ನು 1971ರಲ್ಲಿ ಸಿನಿಮಾ ಮಾಡಿದ. ಮೂಲದಲ್ಲಿ ಪ್ಲೇಗಿಗೆ ಹೆದರಿ ಫ್ಲಾರೆನ್ಸ್ ಬಿಟ್ಟ ಹತ್ತು ಜನ ಶ್ರೀಮಂತ ತರುಣ ತರುಣಿಯರು 100 ಕಥೆ ಹೇಳುತ್ತಾರೆ. ಪಾಸೊಲಿನಿ ಆ ಹತ್ತು ಜನರನ್ನೇ ತೆಗೆದುಹಾಕಿದ. ಕಥೆಗಳನ್ನು ನೇಪಲ್ಸ್‌ಗೆ ಒಯ್ದು, ಅಲ್ಲಿನ ಆಡುಮಾತಿನಲ್ಲಿ, ಹೆಚ್ಚಾಗಿ ನಟನೆಯೇ ಗೊತ್ತಿಲ್ಲದ ಸಾಮಾನ್ಯ ಜನರ ಮುಖಗಳಲ್ಲಿ ತೋರಿಸಿದ. ಹಲ್ಲು ಬಿದ್ದ ಬಾಯಿ, ಬಿಸಿಲಿಗೆ ಕಪ್ಪಾದ ಮೈ. ಬೆತ್ತಲೆ ಇದೆ, ಆದರೆ ಅದು ಕ್ಯಾಲೆಂಡರ್ ಬೆತ್ತಲೆ ಅಲ್ಲ. ಬರ್ಲಿನ್‌ನಲ್ಲಿ ಬಹುಮಾನವೂ ಬಂತು. ಮರುವರ್ಷ ಇಂಗ್ಲಿಷ್ ಕವಿ ಚಾಸರ್‌ನ ಕಥೆಗಳು, 1974ರಲ್ಲಿ ಅರೇಬಿಯನ್ ರಾತ್ರಿಗಳು. ಈ ಗೆಲುವು ನೋಡಿ ಇಟಲಿಯಲ್ಲಿ ಅಗ್ಗದ ನಕಲುಗಳ ಸಾಲೇ ಬಂತು. ಹೆಸರು ಮಾತ್ರ ಮಧ್ಯಯುಗದ್ದು, ಒಳಗೆ ಬರೀ ಮೈ. 1975ರಲ್ಲಿ ಪಾಸೊಲಿನಿ ತನ್ನ ಈ ಮೂರು ಚಿತ್ರಗಳಿಂದ ತಾನೇ ಹಿಂದೆ ಸರಿದು ಬರೆದ. ಮೈಯ ಮುಗ್ಧ ಸಂತೋಷ ಎಂದು ತಾನು ತೋರಿಸಿದ್ದನ್ನು ಮಾರುಕಟ್ಟೆ ಸರಕು ಮಾಡಿಕೊಂಡಿತು ಎಂಬ ನೋವು ಅವನದು. ಕಥೆ ಹೇಳುವವರನ್ನು ತೆಗೆದುಹಾಕಿ, ಎಲ್ಲವನ್ನೂ ಕಣ್ಣಿಗೆ ಒಪ್ಪಿಸಿದ ದಾರಿಯಲ್ಲಿ ಈ ಅಪಾಯ ಇದ್ದೇ ಇದೆ ಎಂಬುದು ನನ್ನ ಅಭಿಪ್ರಾಯ. ಅವನ ದಾರಿ ದೊಡ್ಡದು. ಆದರೆ ಮೊದಲ ಸಿನಿಮಾಕ್ಕೆ ಆ ದಾರಿ ಹಿಡಿಯಿರಿ ಎಂದು ನಾನು ಹೇಳಲಾರೆ.

ನಮ್ಮಲ್ಲೇ ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕವನ್ನು ನಾಗಾಭರಣ 1997ರಲ್ಲಿ ಸಿನಿಮಾ ಮಾಡಿದರು. ಗಂಡನ ರೂಪದಲ್ಲಿ ರಾತ್ರಿ ಬರುವ ಹಾವು, ಬಸಿರಾಗುವ ಹೆಂಡತಿ. ವಿಷಯದಲ್ಲಿ ಇದಕ್ಕಿಂತ ದಿಟ್ಟ ಇನ್ನೇನಿದೆ? ಹಾಡು, ದೀಪ, ಉತ್ತರ ಕರ್ನಾಟಕದ ಮಾತು ಇವುಗಳಲ್ಲೇ ಅದನ್ನು ಹೇಳಿದರು. ಮನೆಮಂದಿ ಕೂತು ನೋಡಿದರು.

ಇನ್ನು ನೀವು ಬರೆಯದ, ಆದರೆ ನಾನು ಹೇಳಲೇಬೇಕಾದ ಒಂದು ವಿಷಯ. ಈ ಕಥೆಗಳಲ್ಲಿ ಪೋಲಿತನಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಬೇರೆ ಇದೆ. 'ಹೆಂಗಸರೆಲ್ಲ ಕಪಟಿಗಳು' ಎಂಬ ಗಂಡಸರ ಗೊಣಗು ಅಲ್ಲಲ್ಲಿ ಇಣುಕುತ್ತದೆ. ಕುಂಟರು, ಕುರುಡರು, ಕೆಳಜಾತಿಯವರು ಸುಮ್ನೆ ನಗೆಪಾಟಲಿಗೆ ಒಳಗಾಗುತ್ತಾರೆ. ಒಪ್ಪಿಗೆ ಇಲ್ಲದೆ ಕೂಡಿದ್ದನ್ನೂ ಜಾಣತನ ಎಂದು ಹೇಳುವ ಕಥೆಗಳು ಈ ಬಗೆಯ ಸಾಹಿತ್ಯದಲ್ಲಿ ಎಲ್ಲ ದೇಶದಲ್ಲೂ ಇವೆ. ಅಂಥವನ್ನು ಆಯ್ಕೆಯಲ್ಲೇ ಬಿಡಿ. 70 ಕಥೆಗಳಿವೆ, ನಿಮಗೆ ಬೇಕಾದ್ದು ನಾಲ್ಕೋ ಐದೋ. ಸಿಕ್ಕಿಬಿದ್ದ ಹೆಣ್ಣು ತಲೆ ಓಡಿಸಿ ಪಾರಾಗುವ ಕಥೆ, ದುಡ್ಡಿನ ಸೊಕ್ಕಿನ ಮುದುಕ ಮೋಸಹೋಗುವ ಕಥೆ, ಇಂಥವನ್ನು ಇಟ್ಟುಕೊಳ್ಳಿ. ನಗು ಮೇಲಿನವರ ಕಡೆ ತಿರುಗಿದ್ದರೆ ಇವತ್ತಿಗೂ ನಗು ಬರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಸಿನಿಮಾಗಳಲ್ಲಿ ಕಲಬುರಗಿ ಮಾತು ಅಂದರೆ ಅಡುಗೆಯವನಿಗೋ ಪೆದ್ದನಿಗೋ ಮೀಸಲು. ಮಾತಿನ ಧಾಟಿಯೇ ಜೋಕು. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ. ನಿಮ್ಮ ಸಿನಿಮಾದಲ್ಲಿ ಎಲ್ಲರಿಗಿಂತ ಜಾಣೆಯಾದ ಹೆಂಗಸು "ಏನ್ ಮಾಡ್ಲಕತ್ತೀರಿ ಇಲ್ಲಿ?" ಎಂದು ಗಂಡನ ಎದೆ ನಡುಗಿಸಲಿ. ಗಿಳಿ ಕನ್ನಡದ ನಡುವೆ ದಖನಿ ಬೆರೆಸಲಿ, ಬೀದರ್ ಸಂತೆಯಲ್ಲಿ ಇವತ್ತಿಗೂ ಕೇಳುವ ಹಾಗೆ. ಬರೀ ದ್ವಂದ್ವಾರ್ಥದ ಮೇಲೆ ಸಂಭಾಷಣೆ ಕಟ್ಟಬೇಡಿ. ಅದಕ್ಕೆ ಕಾನೂನಿನ ಕಾರಣವೂ ಇದೆ.

ಈಗ ಕಾನೂನು. 'ಸೆನ್ಸಾರ್ ಬಿಡಲ್ಲ' ಅನ್ನುವುದು ಅರ್ಧ ಸುಳ್ಳು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಅಡಿ ಬಂದ 1991ರ ಮಾರ್ಗಸೂಚಿ ಓದಿ. ಸಿನಿಮಾವನ್ನು ಇಡಿಯಾಗಿ ನೋಡಬೇಕು, ಕಥೆ ನಡೆಯುವ ಕಾಲವನ್ನೂ ಇವತ್ತಿನ ಜನರ ಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅಲ್ಲೇ ಇದೆ. ಇದು ನಿಮ್ಮ ಪರ. ಕೀಳು ಅಭಿರುಚಿಯ ದ್ವಂದ್ವಾರ್ಥದ ಮಾತು ಇರಬಾರದು, ಹೆಣ್ಣನ್ನು ಹೀನಾಯವಾಗಿ ತೋರಿಸಬಾರದು ಎಂದೂ ಇದೆ. ಕತ್ತರಿ ಬೀಳುವುದು ಇಲ್ಲಿ. 2023ರ ತಿದ್ದುಪಡಿಯಿಂದ ಯುಎ ವರ್ಗದಲ್ಲಿ, ಅಂದರೆ ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ ಚಿತ್ರಗಳಲ್ಲಿ, 7, 13, 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರು ಮೆಟ್ಟಿಲು ಬಂದಿವೆ. ನಾನು ಮೇಲೆ ಹೇಳಿದ ರೀತಿಯಲ್ಲಿ ತೆಗೆದರೆ 16ರ ಮೆಟ್ಟಿಲಿಗೆ ಪ್ರಯತ್ನ ಮಾಡಬಹುದು. ಬೆತ್ತಲೆ ಬೇಕೇ ಬೇಕು ಅಂದರೆ 'ಎ', ವಯಸ್ಕರಿಗೆ ಮಾತ್ರ. ಅದರಲ್ಲಿ ಅವಮಾನವೇನೂ ಇಲ್ಲ. ಆದರೆ 'ಎ' ಚಿತ್ರವನ್ನು ಹಾಗೆಯೇ ಟಿವಿಯಲ್ಲಿ ಹಾಕುವಂತಿಲ್ಲ, ಹಾಗಾಗಿ ಟಿವಿ ಹಕ್ಕಿನ ದುಡ್ಡು ಕೈತಪ್ಪಬಹುದು. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದು ರದ್ದಾಯಿತು. ಈಗ ಹೈಕೋರ್ಟೇ ಗತಿ. ಅಂದರೆ ಖರ್ಚು, ತಡ. ಬಜೆಟ್‌ನಲ್ಲಿ ಇದಕ್ಕೆ ಜಾಗ ಇಡಿ.

'ಸರ್ಟಿಫಿಕೇಟ್ ಸಿಕ್ಕರೆ ಮುಗಿಯಿತು' ಅನ್ನುವುದೂ ತಪ್ಪು. ಅಶ್ಲೀಲತೆಗೆ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಂ ಇದೆ, ಧಾರ್ಮಿಕ ಭಾವನೆಗೆ 299 ಇದೆ. ಯಾರು ಬೇಕಾದರೂ ದೂರು ಕೊಡಬಹುದು. ಆದರೆ ಸರ್ಟಿಫಿಕೇಟ್ ಇದ್ದ ಚಿತ್ರಕ್ಕೆ ಅಶ್ಲೀಲತೆಯ ಕೇಸಿನಲ್ಲಿ ಒಳ್ಳೆಯ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಬೆತ್ತಲೆ ಇದ್ದ ಮಾತ್ರಕ್ಕೆ ಅಶ್ಲೀಲ ಅಲ್ಲ, ಅದು ಕಥೆಯಲ್ಲಿ ಯಾಕಿದೆ ಎಂದು ನೋಡಬೇಕು ಎಂದು 1996ರಲ್ಲಿ 'ಬ್ಯಾಂಡಿಟ್ ಕ್ವೀನ್' ಪ್ರಕರಣದಲ್ಲಿ ಹೇಳಿತು. 299ಕ್ಕೆ ಬೇಕೆಂದೇ, ಕೆಟ್ಟ ಉದ್ದೇಶದಿಂದ ಮಾಡಿದ್ದಾರೆ ಎಂದು ತೋರಿಸಬೇಕು. ಆದರೂ ಕೇಸು ಗೆಲ್ಲುವುದು ಬೇರೆ, ಕೋರ್ಟಿಗೆ ಅಲೆಯುವುದು ಬೇರೆ. ನಿಮ್ಮ ಪಾತ್ರಗಳ ಧರ್ಮದ ಬಗ್ಗೆ ಅದಕ್ಕೇ ಎಚ್ಚರ ಬೇಕು. ಮೂಲದಲ್ಲಿ ಅದು ವ್ಯಾಪಾರಿಯ ಮನೆ. ವ್ಯಾಪಾರಿಯ ಮನೆಯಾಗಿಯೇ ಇರಲಿ. ಬಹಮನಿ ಕಾಲ ಎಂದ ಕೂಡಲೇ ಗಂಡ ಒಂದು ಧರ್ಮ, ಪ್ರಿಯಕರ ಇನ್ನೊಂದು ಧರ್ಮ ಎಂದು ಮಾಡಿದರೆ ಸಿನಿಮಾ ಬೇರೆಯದೇ ಜಗಳಕ್ಕೆ ಸಿಕ್ಕಿಬೀಳುತ್ತದೆ. ನಗುವಿಗೆ ಆ ಜಗಳ ಬೇಕಿಲ್ಲ.

ಶೂಟಿಂಗ್ ಜಾಗದ ಬಗ್ಗೆ. ಬೀದರ್ ಕೋಟೆ, ರಂಗೀನ್ ಮಹಲ್, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮೊದಲೇ ಪರವಾನಗಿ ಬೇಕು. ಗೋರಿಗಳ ಹತ್ತಿರ, ದರ್ಗಾಗಳ ಹತ್ತಿರ ಈ ಕಥೆಯನ್ನು ತೆಗೆಯಲೇಬೇಡಿ. ಹಳೆಯ ಓಣಿ, ಒಂದು ವಾಡೆ, ಒಂದು ಬಾವಿ ಸಾಕು.

ಒಟಿಟಿಗೆ ಹೋದರೆ ಕೇಳುವವರಿಲ್ಲ ಅನ್ನುವವರಿದ್ದಾರೆ. 2021ರ ನಿಯಮಗಳ ಪ್ರಕಾರ ವೇದಿಕೆಯವರೇ ವಯಸ್ಸಿನ ವರ್ಗ ಹಾಕಬೇಕು, ದೂರು ಕೇಳಬೇಕು. ಅಲ್ಲಿ ಇನ್ನೊಂದು ಅಪಾಯವೂ ಇದೆ. ಯಾರೋ ಹತ್ತು ಸೆಕೆಂಡಿನ ತುಣುಕು ಕತ್ತರಿಸಿ ವಾಟ್ಸ್ಆ್ಯಪ್‌ಗೆ ಬಿಡುತ್ತಾರೆ. ಗಿಳಿ ಹೋಯಿತು, ಕಥೆ ಹೋಯಿತು, ಉಳಿದದ್ದು ಒಬ್ಬ ನಟಿಯ ಮೈ. ಆ ಊರಿನಲ್ಲೇ ಬದುಕಬೇಕಾದವಳು ಅವಳು. ಬಾಯಿಂದ ಹೇಳಿಸಿದ ಪೋಲಿತನವನ್ನು ಹೀಗೆ ಕತ್ತರಿಸಿ ಹಂಚಲು ಆಗುವುದಿಲ್ಲ, ಹಂಚಿದರೂ ಅದರಿಂದ ಯಾರಿಗೂ ಹಾನಿಯಿಲ್ಲ. ಆಪ್ತ ದೃಶ್ಯ ಒಂದೇ ಇದ್ದರೂ ಏನು ಕಾಣುತ್ತದೆ, ಎಷ್ಟು ಕಾಣುತ್ತದೆ, ಸೆಟ್‌ನಲ್ಲಿ ಯಾರ್ಯಾರು ಇರುತ್ತಾರೆ ಎಂದು ನಟಿಯ ಜೊತೆ ಮೊದಲೇ ಬರೆದುಕೊಳ್ಳಿ. ಮನಸ್ಸು ಬದಲಾದರೆ ಬೇಡ ಅನ್ನುವ ಹಕ್ಕನ್ನೂ ಅದರಲ್ಲೇ ಬರೆಯಿರಿ. ಹದಿನೆಂಟು ತುಂಬದವರನ್ನು ಅಂಥ ದೃಶ್ಯದ ಹತ್ತಿರವೂ ಬಿಡಬೇಡಿ.

ಅಂತ್ಯವನ್ನು ಇನ್ನೂ ತೀರ್ಮಾನಿಸಿಲ್ಲ ಅಂತ ಬರೆದಿದ್ದೀರಿ. ಅದಕ್ಕೆ ಸಮಯ ಕೊಡಿ. ಸಂಸ್ಕೃತದ ಕಥೆಯಲ್ಲಿ ಗಂಡ ಮರಳಿ ಬಂದು, ಎಲ್ಲ ಕೇಳಿ, ಹೆಂಡತಿಯನ್ನು ಕ್ಷಮಿಸುತ್ತಾನೆ. 17ನೇ ಶತಮಾನದಲ್ಲಿ ಖಾದಿರಿ ಮಾಡಿದ ಪಾರಸಿ ಸಂಗ್ರಹದಲ್ಲಿ ಗಂಡ ಅವಳನ್ನು ಕೊಲ್ಲುತ್ತಾನೆ. ಎರಡೂ ಗಂಡನ ಕೈಯಲ್ಲಿರುವ ತೀರ್ಮಾನಗಳೇ. ಅಷ್ಟು ರಾತ್ರಿ ಅಷ್ಟು ಜಾಣೆಯರ ಕಥೆ ಕೇಳಿದ ಪ್ರಭಾವತಿ ಏನೂ ಕಲಿಯಲಿಲ್ಲವೇ? ಗಂಡ ಬಂದ ರಾತ್ರಿ ಅವಳೇ ಒಂದು ಕಥೆ ಶುರುಮಾಡಿ, ನಡುವೆ ನಿಲ್ಲಿಸಿ, ಅವನನ್ನು ಪ್ರಶ್ನೆ ಕೇಳಿದರೆ ಹೇಗೆ? ಇದು ನನ್ನ ಆಸೆ ಅಷ್ಟೇ, ಸಿನಿಮಾ ನಿಮ್ಮದು.

ಹಣ ಹಾಕುವ ಮೊದಲು ಎರಡು ಕೆಲಸ ಮಾಡಿ. ಮೂಲಕ್ಕೆ ಹಕ್ಕುಸ್ವಾಮ್ಯ ಇಲ್ಲ, ಆದರೆ ನೀವು ಓದಿದ ಅನುವಾದಕ್ಕೆ ಇರಬಹುದು. ನಮ್ಮಲ್ಲಿ ಅದು ಅನುವಾದಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಅನುಮತಿ ಪಡೆಯಿರಿ, ಇಲ್ಲವೇ ಸಂಸ್ಕೃತ ಬಲ್ಲವರಿಂದ ಮೂಲ ಓದಿಸಿಕೊಂಡು ಬರೆಯಿರಿ. ಇನ್ನೊಂದು, ಜುಟ್ಟು ಹಿಡಿದ ಹೆಂಗಸಿನ ಕಥೆಯೊಂದನ್ನೇ ರಂಗದ ಮೇಲೆ ಆಡಿಸಿ ನೋಡಿ. ಕಲಬುರಗಿಯಲ್ಲಿ ರಂಗಾಯಣ ಇದೆ, ಒಳ್ಳೆಯ ನಟರಿದ್ದಾರೆ. ನಾಲ್ಕು ಜನ, ಒಂದು ಬಾಗಿಲು, ಒಂದು ಪಂಜರ ಇದ್ದರಾಯಿತು. ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ನಿಮ್ಮ ಅಕ್ಕನನ್ನೂ ಕರೆಯಿರಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ತಲೆ ತಗ್ಗಿಸುತ್ತಾರೆ ಎಂದು ಪಕ್ಕದಲ್ಲಿ ನಿಂತು ಗುರುತು ಹಾಕಿಕೊಳ್ಳಿ. ಆ ಗುರುತುಗಳ ಜೊತೆ ಚಿತ್ರಕಥೆಯ ಮುಂದಿನ ಕರಡು ಕಳಿಸಿ. ಓದಿ ಬರೆಯುತ್ತೇನೆ.